ನೆಲನೆಲ್ಲಿ, ಗ್ರೀನ್ ಟೀ: ಮದ್ದಿನ ಗುಣ ಪರೀಕ್ಷಿಸುವುದು ಹೇಗೆ?

ಕೆಮ್ಮಣ್ಣು, ಹೂಡೆ, ಕಲ್ಯಾಣಪುರದ ಕಡೆ ಯಾರಿಗಾದರೂ ಕಣ್ಣು ಹಳದಿಯಾದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು ನೆಲನೆಲ್ಲಿ. ಗಿಡವನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾರೆ. ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. "ಮದ್ದಿನಿಂದಲೇ ಗುಣ ಆಯ್ತು ಸಿಸ್ಟರ್" ಎನ್ನುವವರು ಅನೇಕರು.

ಆದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಮದ್ದು ಕುಡಿದವರಿಗೂ ಅಷ್ಟೇ, ಕುಡಿಯದವರಿಗೂ ಅಷ್ಟೇ. ಹಾಗಾದರೆ ಗುಣಪಡಿಸಿದ್ದು ಗಿಡವೋ ದೇಹವೋ? ಇದನ್ನು ತಿಳಿಯಲು ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿರುವುದಿಲ್ಲ. ಇದೇ ಕ್ಲಿನಿಕಲ್ ಟ್ರಯಲ್.

ನೆಲನೆಲ್ಲಿಗೂ ಇಂಥ ಪರೀಕ್ಷೆ ನಡೆದಿದೆ. ರಕ್ತದ ಮೂಲಕ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುವ ಹೆಪಟೈಟಿಸ್ ಬಿ ಕೆಲವರಲ್ಲಿ ವರ್ಷಗಟ್ಟಲೆ ಉಳಿದು, ಲಿವರ್ ಕ್ಯಾನ್ಸರ್‌ಗೂ ಕಾರಣವಾಗಬಹುದು. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಈ ವೈರಸ್ ಇರುವ 78 ಜನರಲ್ಲಿ ನಡೆಸಿದ ಅಧ್ಯಯನ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಲೇಖಕರಲ್ಲಿ ಒಬ್ಬರು. 30 ದಿನ ನೆಲನೆಲ್ಲಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಬರಿಯ ಗುಳಿಗೆ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ! ಎಲ್ಲರಿಗೂ ಸಂತೋಷವಾಯಿತು.

ಈಗ ನೀವೇ ಕೂಡಿಸಿ ನೋಡಿ. 37 ಮತ್ತು 23 ಸೇರಿದರೆ 60. ಉಳಿದ 18 ಜನ ಲೆಕ್ಕದಲ್ಲಿ ಇಲ್ಲ. ಹೀಗೆ ಕೆಲವರು ಬಿಟ್ಟುಹೋದಾಗ ಫಲಿತಾಂಶ ವಾಲಬಹುದು. ಅದಕ್ಕೇ ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ ಮತ್ತೆ ಪರೀಕ್ಷೆ ಆಗಬೇಕು. 1990ರಲ್ಲಿ ಥಾಯ್ಲೆಂಡ್‌ನಿಂದ ಬಂದ ವರದಿಯಲ್ಲಿ ಅಂಥ ಗುಣ ಕಾಣಲಿಲ್ಲ. ನಂತರದ ಪರೀಕ್ಷೆಗಳನ್ನೆಲ್ಲ ತೂಗಿ ನೋಡಿದ 2011ರ ಕಾಕ್ರೇನ್ ವಿಮರ್ಶೆಯಲ್ಲೂ ನಂಬಲರ್ಹ ಆಧಾರ ಸಿಗಲಿಲ್ಲ.

ಆದ್ದರಿಂದ ಹೆಪಟೈಟಿಸ್ ಬಿ ಗುಳಿಗೆ ನುಂಗುತ್ತಿರುವವರು ಕಷಾಯ ನಂಬಿ ಅದನ್ನು ನಿಲ್ಲಿಸಲೇಬಾರದು. ಹಠಾತ್ತಾಗಿ ನಿಲ್ಲಿಸಿದರೆ ವೈರಸ್ ಕೆರಳಿ ಲಿವರ್ ಕೆಡಬಹುದು, ಪ್ರಾಣಕ್ಕೂ ಅಪಾಯ. ದುಡ್ಡಿನ ಚಿಂತೆಯಿದ್ದರೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಉಚಿತ ಚಿಕಿತ್ಸೆಯ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಗಿಡಮೂಲಿಕೆಯೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸರ್ಪಗಂಧ ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲೇ ಬರೆದರು, ಜಗತ್ತು ಒಪ್ಪಿತು. ಆದರೆ ಗುಣವಿರುವ ವಸ್ತುವಿಗೆ ದೋಷವೂ ಇರಬಹುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಲಿವರ್ ಊತವಾದುದನ್ನು 2021ರಲ್ಲಿ ಮುಂಬಯಿ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಚರ್ಚೆ ನಡೆದೇ ಇದೆ. ಮೊದಲೇ ಲಿವರ್ ತೊಂದರೆ ಇರುವವರು ದೂರವಿರುವುದೇ ಕ್ಷೇಮ.

ಗ್ರೀನ್ ಟೀ ವಿಷಯವೂ ಹೀಗೆಯೇ. ತೂಕ ಇಳಿಯುತ್ತದೆಂದು ಕುಡಿಯುವವರು ಬಹಳ. 2012ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಳಿಯುವ ತೂಕ ಲೆಕ್ಕಕ್ಕೆ ಬಾರದಷ್ಟು. ದಿನಕ್ಕೆ ಒಂದೆರಡು ಲೋಟ ಕುಡಿದರೆ ಹಾನಿಯಿಲ್ಲ, ಆದರೆ ಊಟದ ಜೊತೆ ಬೇಡ. ಚಹಾ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ, ರಕ್ತಹೀನತೆ ಇರುವ ಹೆಂಗಸರು ಇದನ್ನು ಗಮನಿಸಬೇಕು. ಗ್ರೀನ್ ಟೀ ಸಾರದ ಗುಳಿಗೆಗಳ ಕತೆ ಬೇರೆ. ಅದರ ಇಜಿಸಿಜಿ ಎಂಬ ಅಂಶ ಗುಳಿಗೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟು ಬೀಳುವ ಲಕ್ಷಣ ಕಾಣುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು ಗ್ರೀನ್ ಟೀ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಯಾವುದಾದರೂ ಆಸ್ಪತ್ರೆಯಲ್ಲಿ ನಿಮ್ಮನ್ನೇ ಇಂಥ ಟ್ರಯಲ್‌ಗೆ ಕರೆದರೆ ಗಾಬರಿಯಾಗಬೇಡಿ. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿ ಪಡೆಯಿರಿ, ಮನೆಗೆ ಒಯ್ದು ಓದಿಸಿ. ಬೇಡವೆನಿಸಿದರೆ ನಡುವೆಯೇ ಬಿಡಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಟ್ರಯಲ್‌ಗಳ ನೋಂದಣಿ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ನಮ್ಮಲ್ಲಿಗೆ ಬರುವಾಗ, ಮನೆಯಲ್ಲಿ ಏನು ಕುಡಿಯುತ್ತಿದ್ದೀರೋ ಅದನ್ನು ಮುಚ್ಚಿಡದೆ ಹೇಳಿ. ಯಾರೂ ಬೈಯುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಪೊಟ್ಟಣವನ್ನೋ ಗಿಡದ ಒಂದು ಕೊಂಬೆಯನ್ನೋ ತನ್ನಿ.