ಜನರಲ್ ತಿಮ್ಮಯ್ಯನವರ ಮನೆ

ಮಡಿಕೇರಿಯ ‘ಸನ್ನಿಸೈಡ್’ ಬಂಗಲೆಗೆ ಒಂದು ಕಾಲದಲ್ಲಿ ಜನ ಹೋಗುತ್ತಿದ್ದುದು ಡ್ರೈವಿಂಗ್ ಲೈಸೆನ್ಸಿಗಾಗಿ. ಅಲ್ಲಿ ಆರ್‌ಟಿಓ ಕಚೇರಿಯಿತ್ತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರ ಬಾಲ್ಯದ ಮನೆಯದು ಎಂಬುದು ಸರದಿಯಲ್ಲಿ ನಿಂತ ಎಷ್ಟು ಮಂದಿಗೆ ಗೊತ್ತಿತ್ತೋ!

ಅದು ಸ್ಮಾರಕವಾಗಲೇಬೇಕೆಂದು ಹಟ ಹಿಡಿದವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು. ನಿವೃತ್ತ ಸೇನಾಧಿಕಾರಿಗಳು ಮುಂದೆ ನಿಂತ ಈ ಕೂಟ ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿಡಲಿಲ್ಲ. ಕಡೆಗೂ ಕಚೇರಿ ಬೇರೆಡೆಗೆ ಹೋಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು.

ಮಕ್ಕಳು ಅಂಗಳದ ಟ್ಯಾಂಕಿನೆದುರು ನಿಂತಾಗ ಹಿರಿಯರು ಜೊಜಿಲಾ ಕಥೆ ಹೇಳಬೇಕು. 1948ರ ನವೆಂಬರಿನಲ್ಲಿ, 11,000 ಅಡಿಗೂ ಎತ್ತರದ ಆ ಹಿಮದ ಹಾದಿಗೆ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಯನ್ನು ಬೆಚ್ಚಿಬೀಳಿಸಿದವರು ಇದೇ ತಿಮ್ಮಯ್ಯನವರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗಲೇ ತೀರಿಕೊಂಡರು. ಮರುವರ್ಷ ಆ ದ್ವೀಪರಾಷ್ಟ್ರ ಅವರ ನೆನಪಿಗೆ ಅಂಚೆಚೀಟಿ ತಂದಿತು.