ಮಾವಿನ ನೇರ ಮಾರಾಟ: ಜಾಲತಾಣದ ಗಿರಾಕಿಗಳು ಏನು ನೋಡುತ್ತಾರೆ?

ಮಾವಿನ ಫಸಲನ್ನು ಮರದ ಮೇಲೆಯೇ ಗುತ್ತಿಗೆಗೆ ಕೊಡುವುದು ಅಥವಾ ಮಂಡಿಗೆ ಸಾಗಿಸುವುದು ನಮ್ಮಲ್ಲಿ ರೂಢಿಯಲ್ಲಿರುವ ಪದ್ಧತಿ. 2020ರ ಲಾಕ್‌ಡೌನ್ ಕಾಲದಿಂದೀಚೆಗೆ ಅನೇಕ ಬೆಳೆಗಾರರು ಜಾಲತಾಣ ಮತ್ತು ವಾಟ್ಸಾಪ್ ಮೂಲಕ ಪಟ್ಟಣದ ಮನೆಗಳಿಗೆ ನೇರವಾಗಿ ಹಣ್ಣು ಕಳುಹಿಸತೊಡಗಿದ್ದಾರೆ. ಇದರಿಂದ ದಲ್ಲಾಳಿಯ ಕಮಿಷನ್ ಉಳಿಯುವುದು ನಿಜ. ಆದರೆ ದಾರಿಯಲ್ಲಿ ಕೊಳೆತ ಹಣ್ಣಿನ ನಷ್ಟವೂ ಬೆಳೆಗಾರನ ಪಾಲಿಗೇ ಬರುತ್ತದೆ ಎಂಬುದನ್ನು ಮರೆಯಬಾರದು.

ಮಂಡಿಯಲ್ಲಿ ಹಣ್ಣನ್ನು ಒತ್ತಿ, ಮೂಸಿ ನೋಡಬಹುದು. ಜಾಲತಾಣದ ಗಿರಾಕಿಗಳಿಗೆ ಆ ಅನುಕೂಲವಿಲ್ಲ. ಅವರು ಬರಹ ಮತ್ತು ಚಿತ್ರವನ್ನೇ ನಂಬಬೇಕು. ಆದುದರಿಂದ ತಳಿಯ ಹೆಸರು, ಪೆಟ್ಟಿಗೆಯ ನಿವ್ವಳ ತೂಕ, ಅದರಲ್ಲಿರುವ ಹಣ್ಣುಗಳ ಸಂಖ್ಯೆ, ಕಿತ್ತ ದಿನಾಂಕ ಇವನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ಫೋಟೋ ನಿಮ್ಮ ತೋಟದ ಈ ವರ್ಷದ ಹಣ್ಣಿನದೇ ಆಗಿರಲಿ. ಹೇಗೆ ಮಾಗಿಸಿದ್ದೀರಿ ಎಂಬುದನ್ನೂ ತಿಳಿಸಿರಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆಗೆ ಕಾನೂನಿನ ನಿಷೇಧವಿದೆ. ಅದರ ಭಯದಿಂದಲೇ ಎಷ್ಟೋ ಮನೆಯವರು ಅಂಗಡಿ ಬಿಟ್ಟು ತೋಟದ ಹಣ್ಣನ್ನು ಹುಡುಕುತ್ತಾರೆ.

ಹಿಂದೆ ಕೊಂಡವರ ಅಭಿಪ್ರಾಯಕ್ಕೆ ಇಲ್ಲಿ ದೊಡ್ಡ ಬೆಲೆಯುಂಟು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಸ್ಪೀಗೆಲ್ ಸಂಶೋಧನಾ ಕೇಂದ್ರವು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯಕರ ಅಂಶ ಕಂಡುಬಂದಿದೆ. ಐದಕ್ಕೆ 4.0ರಿಂದ 4.7ರವರೆಗೆ ಅಂಕ ಪಡೆದ ಸರಕನ್ನು ಜನ ಹೆಚ್ಚಾಗಿ ಕೊಳ್ಳುತ್ತಾರೆ. ಅಂಕ ಪೂರ್ಣ ಐದನ್ನು ಸಮೀಪಿಸಿದಂತೆ ಕೊಳ್ಳುವ ಸಂಭವ ಕಡಿಮೆಯಾಗುತ್ತದೆ. ಬರೀ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲವೆಂದಾಯಿತು. ಆದ್ದರಿಂದ ನೆಂಟರಿಷ್ಟರಿಂದ ಹೊಗಳಿಕೆ ಬರೆಸುವ ಗೋಜಿಗೆ ಹೋಗಬೇಡಿ. ಮಾರಾಟಗಾರರು ಗಿರಾಕಿಯ ಸೋಗಿನಲ್ಲಿ ಅಭಿಪ್ರಾಯ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ ಕೂಡ. ಎರಡು ಹಣ್ಣು ಕೆಟ್ಟಿತ್ತೆಂದು ಯಾರಾದರೂ ಬರೆದರೆ ಅದಕ್ಕೆ ಅಲ್ಲಿಯೇ ಉತ್ತರ ಕೊಟ್ಟು, ಆ ಹಣ್ಣಿನ ಹಣ ಹಿಂತಿರುಗಿಸಿರಿ. ಮುಂದೆ ಕೊಳ್ಳುವವರು ಓದುವುದು ಆ ಉತ್ತರವನ್ನು.

ಸಾಗಣೆ ವೆಚ್ಚವನ್ನು ಕೊನೆಯಲ್ಲಿ ಸೇರಿಸಿದರೆ ಗಿರಾಕಿ ಕೈಬಿಡುತ್ತಾನೆ. ಪೆಟ್ಟಿಗೆ, ಕೊರಿಯರ್ ಎಲ್ಲವನ್ನೂ ಕೂಡಿಸಿ ಮೊದಲೇ ಒಂದೇ ಬೆಲೆ ಹೇಳುವುದು ಲೇಸು.

ಇಷ್ಟೆಲ್ಲ ಮಾಡಿಯೂ ಎಳೆಯ ಕಾಯಿ ಕಳುಹಿಸಿದರೆ ಫಲವಿಲ್ಲ. ಅದು ಮಾಗದೆ ಸುಕ್ಕುಗಟ್ಟುತ್ತದೆ. ತೊಟ್ಟಿನ ಇಕ್ಕೆಲಗಳಲ್ಲಿ ಭುಜ ಉಬ್ಬಿರುವ, ನೀರಿನಲ್ಲಿ ಮುಳುಗುವ ಬಲಿತ ಕಾಯಿಗಳನ್ನೇ ಆರಿಸಬೇಕು. ಉದ್ದ ತೊಟ್ಟಿನೊಡನೆ ಕೊಯ್ದು, ಆಮೇಲೆ ತೊಟ್ಟು ಮುರಿದು, ಬೋರಲಿರಿಸಿ ಸೊನೆ ಸೋರಿಸಬೇಕು. ಸೊನೆ ತಗುಲಿದ ಸಿಪ್ಪೆ ಕಪ್ಪಾಗುತ್ತದೆ. ಪೂರ್ತಿ ಮಾಗುವ ಮುನ್ನವೇ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿರಿ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಯುಪಿಐ ಮೂಲಕ ಹಣ ಪಡೆಯಲು ಪಿನ್ ಸಂಖ್ಯೆ ಒತ್ತಬೇಕಾಗಿಲ್ಲ. ದೊಡ್ಡ ಆರ್ಡರ್ ಕೊಡುವುದಾಗಿ ಹೇಳಿ ಪಿನ್ ಒತ್ತಲು ಕೇಳುವವನು ನಿಮ್ಮ ಖಾತೆಯಿಂದಲೇ ಹಣ ಎಳೆಯುವ ಮೋಸಗಾರ.

ಮೊದಲ ವರ್ಷವೇ ಇಡೀ ತೋಟವನ್ನು ಈ ಮಾರ್ಗಕ್ಕೆ ನೆಚ್ಚುವುದು ಸೂಕ್ತವಲ್ಲ. ಬಾದಾಮಿ, ಮಲ್ಲಿಕಾ ತಳಿಗಳ ಆಯ್ದ ಹಣ್ಣನ್ನು ಮಾತ್ರ ಹೀಗೆ ಮಾರಿ, ಉಳಿದದ್ದನ್ನು ಮಂಡಿಗೆ ಹಾಕಬಹುದು. ತೋತಾಪುರಿಯಂತೂ ತಿರುಳಿನ ಕಾರ್ಖಾನೆಗೇ ಸರಿ.