ಕೆಲಸ ಇಲ್ಲಿನದು, ಕುರ್ಚಿ ಯಾರದು?

ಬೆಳಗಿನ ಪಾಳಿ ಹೊತ್ತಿಗೆ ಮಹಾಲಕ್ಷ್ಮಿ ಲೇಔಟಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗರು ಪೀಣ್ಯ, ಬಿಡದಿ ಕಡೆ ಹೊರಟಿರುತ್ತಾರೆ. ‘ಮಗನಿಗೆ ಫಾರಿನ್ ಕಂಪನೀಲಿ ಕೆಲಸ’ ಅಂತ ಹೆತ್ತವರಿಗೆ ಹೆಮ್ಮೆ. ಆದರೆ ಚೀಟಿ ಮೇಲೆ ಯಾರ ಹೆಸರಿದೆ? ಕಂಪನಿಯದೋ, ಗುತ್ತಿಗೆದಾರನದೋ?

ಹೊರದೇಶದ ಕಂಪನಿ ಜನ ನೇಮಿಸಿಕೊಳ್ಳೋದಕ್ಕೆ ಮೂರು ದಾರಿ. ದೊಡ್ಡ ಕುರ್ಚಿಗೆ ತನ್ನ ದೇಶದವರನ್ನೇ ಕಳಿಸೋದು ಒಂದು. ಸ್ಥಳೀಯರಿಗೇ ಆಡಳಿತ ಒಪ್ಪಿಸೋದು ಇನ್ನೊಂದು. ಯಾವ ದೇಶದವನಾದರೂ ಯೋಗ್ಯನನ್ನು ಕೂರಿಸೋದು ಮೂರನೆಯದು. ಹೋವರ್ಡ್ ಪರ್ಲ್‌ಮಟರ್ ಎಂಬ ಪ್ರೊಫೆಸರು 1969ರಲ್ಲೇ ಹೀಗೆ ವಿಂಗಡಿಸಿದ್ದರು. ಆದರೆ ಈ ಲೆಕ್ಕವೆಲ್ಲ ಮೇಲಿನ ಕುರ್ಚಿಯದು. ಕೆಳಗೆ ಯಂತ್ರದ ಮುಂದೆ ನಿಂತವನ ಲೆಕ್ಕವೇ ಬೇರೆ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2007ರಲ್ಲಿ ತರಬೇತಿ ಶಾಲೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳಿಗೆ ಮೂರು ವರ್ಷ ಕೆಲಸ ಕಲಿಸತೊಡಗಿತು. ಒಳ್ಳೆಯದೇ. ಆದರೂ 2014ರಲ್ಲಿ, 2020ರಲ್ಲಿ ಅಲ್ಲಿ ಲಾಕೌಟ್ ತಪ್ಪಲಿಲ್ಲ. ಕೆಲಸ ಕಲಿಸಿದರಷ್ಟೇ ಸಾಲದು, ಕಾರ್ಮಿಕನ ಮಾತಿಗೆ ಕಿವಿಗೊಡೋರೂ ಬೇಕು.

ಕೋಲಾರದ ನರಸಾಪುರದಲ್ಲಿ ಆಗಿದ್ದಂತೂ ಎಲ್ಲರಿಗೂ ಪಾಠ. ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಬಹುಪಾಲು ಕೆಲಸಗಾರರು ಗುತ್ತಿಗೆಯವರು. ಸಂಬಳದ ತಕರಾರು ಬೆಳೆದು 2020ರ ಡಿಸೆಂಬರ್ 12ರಂದು ಗಾಜು ಪುಡಿ, ವಾಹನಗಳಿಗೆ ಬೆಂಕಿ. ಕಾರ್ಖಾನೆ ಇಲಾಖೆ ತನಿಖೆ ಮಾಡಿ ಹೇಳಿದ್ದೇನು? 5,000 ಇದ್ದ ಕೆಲಸಗಾರರ ಸಂಖ್ಯೆ ಅಲ್ಪ ಕಾಲದಲ್ಲಿ 10,500ಕ್ಕೆ ಏರಿತ್ತು; ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಅದಕ್ಕೆ ತಕ್ಕಷ್ಟು ಇರಲಿಲ್ಲ. ಕೊನೆಗೆ ವಿಸ್ಟ್ರಾನ್ ತನ್ನ ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷನನ್ನೇ ತೆಗೆಯಿತು. ಕೈ ಲೆಕ್ಕ ಹಾಕಿದರು, ಬಾಯಿ ಲೆಕ್ಕ ಮರೆತರು!

2024ರ ಜುಲೈನಲ್ಲಿ ರಾಜ್ಯ ಸಂಪುಟ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ದೇ ತಡ, ಮಸೂದೆ ಮೂಲೆ ಸೇರಿತು. ಎಷ್ಟು ಮಂದಿ ಅನ್ನೋದರ ಮೇಲೇ ಜಗಳವಾಯಿತು. ಯಾರ ಹಾಜರಿ ಪುಸ್ತಕದಲ್ಲಿ ಅನ್ನೋದನ್ನ ಕೇಳಿದವರು ಕಡಿಮೆ.

ಆದ್ದರಿಂದ ಸೇರೋ ಮುಂಚೆ ಹುಡುಗರು ಮೂರು ಮಾತು ಕೇಳಲಿ. ನೇಮಕ ಪತ್ರ ಯಾರದು? ಪಿಎಫ್ ಕಟ್ಟೋರು ಯಾರು? ಸಂಬಳ ಕಡಿಮೆ ಬಂದರೆ ಯಾರ ಬಾಗಿಲು ಬಡೀಬೇಕು? ಗುತ್ತಿಗೆದಾರ ಕೈಕೊಟ್ಟರೆ ಸಂಬಳ ಕೊಡಬೇಕಾದ ಹೊಣೆ ಮೂಲ ಕಂಪನಿಯದೇ ಅನ್ನುತ್ತದೆ ಕಾನೂನು. ಇದು ಗೊತ್ತಿರಲಿ. ಹೆಮ್ಮೆ ಆಮೇಲೆ ಪಡೋಣ.